ಗಲ್ಲಾ ಬಿಟ್ಟು ಏಳುವುದು ಹೇಗೆ? ಸಣ್ಣ ವ್ಯಾಪಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ನನ್ನದೊಂದು ಖಡಕ್ ರೊಟ್ಟಿಯ ಘಟಕ ಇದೆ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದರೆ ನಮ್ಮ ಕಡೆ ಚಟ್ನಿ ಪುಡಿ). ಮನೆಯ ಪಡಸಾಲೆಯಲ್ಲಿ ಮೂವರು ಹೆಣ್ಣುಮಕ್ಕಳಿಂದ ಶುರುವಾಗಿದ್ದು, ಈಗ ಹದಿನೆಂಟು ಜನ ಇದ್ದಾರೆ. ದೊಡ್ಡ ಉದ್ಯಮಿ ಏನಲ್ಲ. ಆದರೂ ಸಂಘದ ಸಭೆಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಕೂಡ ಜನ ಹಿಡಿದು ಕೂರಿಸಿ ಕೇಳುತ್ತಾರೆ. ಇಳಕಲ್ಲಿನ ಸೀರೆ ಅಂಗಡಿಯವರು, ಗೋಕಾಕದ ಕರದಂಟಿನವರು, ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಇಟ್ಟುಕೊಂಡವರು, ಇಂಡಿಯ ಲಿಂಬೆ ವ್ಯಾಪಾರಿಗಳು. ಮಾಲು ಬೇರೆ ಬೇರೆ, ತಲೆನೋವು ಒಂದೇ. ಹೇಳಿ ಹೇಳಿ ಬಾಯಿ ನೋಯುತ್ತಿತ್ತು. ಬರೆದಿಟ್ಟೆ.

ನಾನು ಒಂದು ದಿನ ಇಲ್ಲದಿದ್ದರೆ ಕೆಲಸವೇ ನಿಂತು ಹೋಗುತ್ತದೆ. ಏನು ಮಾಡಲಿ?

ನಿಲ್ಲುತ್ತದೆ ಅನ್ನುವುದು ನಿಮ್ಮ ಅನುಮಾನವೋ, ನಿಂತಿದ್ದನ್ನು ಕಣ್ಣಾರೆ ನೋಡಿದ್ದೀರೋ? ನನಗೂ ಹಾಗೇ ಅನಿಸುತ್ತಿತ್ತು. ಆಮೇಲೆ ಡೆಂಗ್ಯೂ ಬಂತು. ಒಂಬತ್ತು ದಿನ ಹಾಸಿಗೆ ಹಿಡಿದೆ. ಫೋನನ್ನೂ ಮಗಳು ಕಸಿದುಕೊಂಡಿದ್ದಳು. ಹತ್ತನೇ ದಿನ ಹೋಗಿ ವಹಿ ತೆಗೆದರೆ ದಿನಕ್ಕೆ ನೂರು ರೊಟ್ಟಿ ಜಾಸ್ತಿ ಆಗಿವೆ! ನಮ್ಮಲ್ಲಿ ಮೊದಲಿನಿಂದ ಇರುವ ಹಿರಿಯಾಕೆಯನ್ನು ಕೇಳಿದೆ. ಆಕೆ ಒಲೆಯಿಂದ ಮುಖ ಎತ್ತದೆ ಹೇಳಿದಳು: "ಅಕ್ಕಾರ, ನೀವಿದ್ದಾಗ ಎಲ್ಲಾರೂ ನಿಮ್ಮ ಮಾರಿ ನೋಡ್ತಾರ್ರಿ. ನೀವಿಲ್ಲದಾಗ ಹಂಚು ನೋಡ್ತಾರ."

ಎರಡು ದಿನ ಸಿಟ್ಟಿತ್ತು. ಮೂರನೇ ದಿನ ಅದು ನಿಜ ಅನಿಸಿತು.

ಆದರೆ ಮೂರು ಕೆಲಸ ಮಾತ್ರ ನಿಂತಿದ್ದವು. ಜೋಳದ ಖರೀದಿ ಆಗಿರಲಿಲ್ಲ. ಹೊಸ ಗಿರಾಕಿಗೆ ರೇಟು ಹೇಳುವವರಿರಲಿಲ್ಲ. ಯಾರಿಗೂ ಹಣ ಕೊಟ್ಟಿರಲಿಲ್ಲ. ಈ ಮೂರೂ ನನ್ನ ತಲೆಯೊಳಗೇ ಇದ್ದವು, ಬೇರೆ ಯಾರಿಗೂ ಗೊತ್ತಿರಲಿಲ್ಲ. ರೇಟಿನದು ಸುಲಭ, ರಟ್ಟಿನ ಮೇಲೆ ಬರೆದು ಗೋಡೆಗೆ ಹಾಕಿದೆ. ನೂರರ ತನಕ ಒಂದು ದರ, ಐನೂರು ದಾಟಿದರೆ ಇನ್ನೊಂದು. ಹಣ ಕೊಡುವುದಕ್ಕೆ ವಾರದಲ್ಲಿ ಒಂದು ದಿನ ಗೊತ್ತು ಮಾಡಿದೆ. ಕಷ್ಟವಾಗಿದ್ದು ಜೋಳದ್ದು. ಒಳ್ಳೆ ಜೋಳ ಹೇಗೆ ಆರಿಸುತ್ತೇನೆ ಅಂತ ನನಗೇ ಹೇಳಲು ಬರಲಿಲ್ಲ.

ಹಿರಿಯಾಕೆಯನ್ನು ಎಪಿಎಂಸಿಗೆ ಕರೆದುಕೊಂಡು ಹೋದೆ. ನನ್ನ ಕೈ ಏನು ಮಾಡುತ್ತದೆ ಅಂತ ನಾನೇ ಗಮನಿಸಿದೆ. ಒಂದು ಮುಷ್ಟಿ ಜೋಳ ಅಂಗೈಯಲ್ಲಿ ಹಾಕಿ ಉಜ್ಜುತ್ತೇನೆ, ಎಷ್ಟು ಧೂಳು ಉಳಿಯಿತು ನೋಡುತ್ತೇನೆ. ಮೂಸುತ್ತೇನೆ. ಎರಡು ಕಾಳು ಹಲ್ಲಿಗೆ ಹಾಕುತ್ತೇನೆ, ಕಟ್ ಅಂತ ಒಡೆಯಬೇಕು. ಮಾಲದಂಡಿ ತಳಿ ಅಂತ ಹೇಳಿ ಬೇರೆ ಜೋಳ ಬೆರೆಸಿದ್ದರೆ ಕಾಳಿನ ಹೊಳಪು ನೋಡಿದರೆ ತಿಳಿಯುತ್ತದೆ. ಆಕೆ ಎಲ್ಲ ಸುಮ್ನೆ ನೋಡಿದಳು. ಆಮೇಲೆ ಚೀಲದ ಮೇಲಿನದ್ದು ಬಿಟ್ಟು, ಮೊಣಕೈ ತನಕ ಕೈ ತೂರಿಸಿ ತಳದ ಕಾಳು ತೆಗೆದಳು. ಇಷ್ಟು ವರ್ಷದಲ್ಲಿ ನನಗೆ ಹೊಳೆಯದ ಬುದ್ಧಿ! ಅವತ್ತಿನಿಂದ ಜೋಳ ಆಕೆಯದು.

ನೀವು ಡೆಂಗ್ಯೂ ಬರಲಿ ಅಂತ ಕಾಯಬೇಡಿ. ಮೂರು ದಿನ ಯಾವುದಾದರೂ ಊರಿಗೆ ಹೋಗಿ, ಫೋನ್ ಮನೆಯಲ್ಲೇ ಇಡಿ. ವಾಪಸ್ ಬಂದಾಗ ಏನೇನು ನಿಂತಿದೆಯೋ ಅದನ್ನೇ ಮೊದಲು ಇನ್ನೊಬ್ಬರಿಗೆ ಕಲಿಸಬೇಕು.

ಜವಾಬ್ದಾರಿ ಕೊಟ್ಟರೆ ತಪ್ಪು ಮಾಡುತ್ತಾರಲ್ಲ?

ಮಾಡುತ್ತಾರೆ. ಹಿಟ್ಟು ಬೀಸಿಸುವ ಕೆಲಸ ಒಬ್ಬಳಿಗೆ ಕೊಟ್ಟಿದ್ದೆ. ಗಿರಣಿಗೆ ಮತ್ತೆ ಮತ್ತೆ ಯಾಕೆ ಹೋಗಬೇಕು ಅಂತ ಇಪ್ಪತ್ತು ದಿನದ ಹಿಟ್ಟು ಒಂದೇ ಸಲ ಬೀಸಿಸಿ ತಂದಳು. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ. ಎಸರು ಎಷ್ಟು ಕುದಿಸಿ ಹಾಕಿದರೂ ಬಡಿಯುವಾಗ ಅಂಚು ಸೀಳುತ್ತದೆ. ಕೊನೆಗೆ ಎರಡು ಚೀಲ ಹಿಟ್ಟು ಎಮ್ಮೆಗಳಿಗೆ ಹೋಯಿತು. ಆಕೆ ಅಳುತ್ತಾ ನಿಂತಳು. ನಾನು ಆ ಕೆಲಸ ವಾಪಸ್ ತೆಗೆದುಕೊಳ್ಳುವವಳಿದ್ದೆ. ಆಮೇಲೆ ಯೋಚಿಸಿದೆ: ಹಿಟ್ಟು ಎಷ್ಟು ದಿನ ಇಡಬಹುದು ಅಂತ ನಾನು ಆಕೆಗೆ ಹೇಳಿದ್ದೆನಾ? ಇಲ್ಲ. ತಪ್ಪು ಯಾರದು ಹಾಗಾದರೆ?

ಈಗ ಪ್ರತಿ ಜವಾಬ್ದಾರಿಗೂ ಒಂದು ಮಿತಿ ಇದೆ. ಐದು ಸಾವಿರದ ತನಕ ನನ್ನನ್ನು ಕೇಳಬೇಡಿ, ಖರ್ಚು ಮಾಡಿ, ಸಂಜೆ ಲೆಕ್ಕ ಬರೆಯಿರಿ. ಅದರ ಮೇಲಿದ್ದರೆ ಕೇಳಿ. ನಮ್ಮ ಕಡೆ ಬಹಳ ಮಾಲೀಕರು ಕೆಲಸ ಕೊಡುತ್ತಾರೆ, ಕೀಲಿಕೈ ಕೊಡುವುದಿಲ್ಲ. ಹತ್ತು ರೂಪಾಯಿ ಹಗ್ಗ ತರಲಿಕ್ಕೂ ಸಾಹುಕಾರರ ಅಪ್ಪಣೆ ಬೇಕು ಅಂದರೆ ಆ ಮನುಷ್ಯ ಯೋಚನೆ ಮಾಡುವುದನ್ನೇ ಬಿಡುತ್ತಾನೆ.

ಕೆಲಸಗಾರರು ನಿಲ್ಲುವುದೇ ಇಲ್ಲ. ಪಗಾರ ಹೆಚ್ಚು ಮಾಡಿದರೆ ಸಾಕೇ?

ಪಗಾರ ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟು ಕೊಡುತ್ತೀರಿ ಅನ್ನುವಷ್ಟೇ ಯಾವಾಗ ಕೊಡುತ್ತೀರಿ ಅನ್ನುವುದೂ ಮುಖ್ಯ. ನಮ್ಮಲ್ಲಿ ಶನಿವಾರ ಬಟವಾಡೆ. ಮರುದಿನ ಅವರಿಗೆ ಸಂತೆ ಇರುತ್ತದೆ. ನಿಮ್ಮ ಬಟವಾಡೆ ಸೋಮವಾರಕ್ಕೆ ಜಾರಿತು ಅಂದರೆ ಆ ಮನೆಯ ಒಂದು ವಾರದ ಕಾಯಿಪಲ್ಲೆ ಉದ್ರಿಯಲ್ಲಿ ಬರುತ್ತದೆ. ಒಮ್ಮೆ ನಾನೇ ಹಾಗೆ ಮಾಡಿದ್ದೆ. ಯಾರೂ ಏನೂ ಅನ್ನಲಿಲ್ಲ. ಮುಂದಿನ ತಿಂಗಳು ಇಬ್ಬರು ಬಿಟ್ಟರು.

ಇನ್ನೊಂದು ಪಾಠ ಇದಕ್ಕಿಂತ ದುಬಾರಿ. ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆ ಹೊತ್ತಿಗೆ ನಮಗೆ ಉಸಿರಾಡಲು ಪುರಸತ್ತು ಇರುವುದಿಲ್ಲ. ಆ ಗಡಿಬಿಡಿಯಲ್ಲಿ ನಮ್ಮಲ್ಲೇ ಅತ್ಯಂತ ತೆಳ್ಳಗೆ ರೊಟ್ಟಿ ಬಡಿಯುವವಳನ್ನು ಎಲ್ಲರೆದುರು ಬೈದೆ. ಒಂದು ಬುಟ್ಟಿ ರೊಟ್ಟಿ ಸರಿಯಾಗಿ ಒಣಗಿರಲಿಲ್ಲ, ಅಷ್ಟೇ. ಆಕೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಹೊರಟಳು. ಮತ್ತೆ ಬರಲಿಲ್ಲ. ಮನೆಗೆ ಹೋಗಿ ಕೇಳಿಕೊಂಡೆ, ಆಕೆಯ ಅತ್ತೆ ಚಹಾ ಕೊಟ್ಟು ಕಳಿಸಿದರು. ಬೈಯುವುದಿದ್ದರೆ ಒಳಗೆ ಕರೆದು ಬೈಯಬೇಕು, ಹೊಗಳುವುದಿದ್ದರೆ ಒಲೆ ಮುಂದೆ ಹೊಗಳಬೇಕು. ನಾನು ಉಲ್ಟಾ ಮಾಡಿದ್ದೆ.

ನಾಗರ ಪಂಚಮಿಗೆ ರಜೆ ಕೊಡುವುದಿಲ್ಲ ಅಂತ ಹಟ ಹಿಡಿಯುವವರನ್ನೂ ನೋಡಿದ್ದೇನೆ. ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಹೋಗಿಯೇ ಹೋಗುತ್ತಾರೆ. ಅದನ್ನು ತಡೆಯುವ ಬದಲು ಹದಿನೈದು ದಿನ ಮೊದಲೇ ಸ್ಟಾಕ್ ಮಾಡಿಡಿ.

ಜನ ಹತ್ತು ಮುಟ್ಟಿದರೆ ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ), ಇಪ್ಪತ್ತು ಮುಟ್ಟಿದರೆ ಪಿಎಫ್ (ಭವಿಷ್ಯ ನಿಧಿ) ನೋಡಬೇಕು. ಇದಕ್ಕೆ ಹೆದರಿ ಒಂಬತ್ತಕ್ಕೇ ನಿಲ್ಲಿಸುವವರಿದ್ದಾರೆ. ನನಗೆ ಅದು ಸಣ್ಣಬುದ್ಧಿ ಅನಿಸುತ್ತದೆ. ನಮ್ಮಲ್ಲಿ ಒಬ್ಬಾಕೆಯ ಹೆರಿಗೆ ಇಎಸ್‌ಐನಲ್ಲಿ ಆದ ಮೇಲೆ ಉಳಿದವರು ಕಾರ್ಡ್ ಯಾವಾಗ ಬರುತ್ತದೆ ಅಂತ ಅವರೇ ಕೇಳಲು ಶುರು ಮಾಡಿದರು.

ಉದ್ರಿ ಕೊಡದಿದ್ದರೆ ವ್ಯಾಪಾರ ಇಲ್ಲ, ಕೊಟ್ಟರೆ ದುಡ್ಡು ಇಲ್ಲ. ಏನು ಮಾಡಬೇಕು?

ನನ್ನ ಹತ್ತಿರ ಅತಿ ಜಾಸ್ತಿ ಬರುವ ಪ್ರಶ್ನೆ ಇದೇ.

ಮೊದಲು ನನ್ನ ಕಥೆ. ದೂರದ ಊರಿನ ಒಂದು ಹೋಟೆಲಿಗೆ ಏಳು ತಿಂಗಳು ರೊಟ್ಟಿ ಕಳಿಸಿದೆ. ದೊಡ್ಡ ಗಿರಾಕಿ ಅಂತ ಖುಷಿ. ಮೊದಲ ಎರಡು ಬಿಲ್ ಸರಿಯಾಗಿ ಬಂದವು. ಮೂರನೆಯದು ಅರ್ಧ. ಆಮೇಲೆ "ಮಾಲೀಕರು ಊರಲ್ಲಿಲ್ಲ". ನಾನು ರೊಟ್ಟಿ ಕಳಿಸುತ್ತಲೇ ಇದ್ದೆ. ನಿಲ್ಲಿಸಿದರೆ ಹಳೆ ಬಾಕಿ ಬರುವುದಿಲ್ಲ ಅನ್ನುವ ಭಯ. ಈ ಭಯದಿಂದಲೇ ಬಾಕಿ ಬೆಳೆಯುತ್ತದೆ. ಕೊನೆಗೆ ನನ್ನ ಎರಡು ತಿಂಗಳ ವ್ಯಾಪಾರದಷ್ಟು ದುಡ್ಡು ಅಲ್ಲಿ ಸಿಕ್ಕಿಬಿತ್ತು. ಅರ್ಧಕ್ಕೂ ಕಡಿಮೆ ಬಂತು.

ಆಗ ನನಗೆ ಕಾನೂನು ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ತೆಗೆದುಕೊಂಡವರು ಬರೆದ ಕರಾರು ಇದ್ದರೆ ಆ ದಿನಕ್ಕೆ ಹಣ ಕೊಡಬೇಕು, ಅದು 45 ದಿನ ದಾಟುವಂತಿಲ್ಲ. ಕರಾರು ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಕೊಡದಿದ್ದರೆ ಇಂಥ ಬಾಕಿಯ ತಕರಾರು ನೋಡುವ ಸರ್ಕಾರಿ ನೆರವು ಮಂಡಳಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆಯಲ್ಲೂ ಬಿಗಿ ಬಂದಿದೆ. ಗಡುವಿನೊಳಗೆ ನಮಗೆ ಹಣ ಕೊಡದಿದ್ದರೆ, ಕೊಡುವ ತನಕ ಅವರು ಅದನ್ನು ಖರ್ಚು ಅಂತ ತೋರಿಸಲು ಆಗುವುದಿಲ್ಲ. ಮಾರ್ಚ್ ತಿಂಗಳಲ್ಲಿ ಈ ಮಾತು ತೆಗೆದರೆ ಅವರ ಅಕೌಂಟೆಂಟ್ ತಾನಾಗಿಯೇ ಫೋನ್ ಮಾಡುತ್ತಾನೆ. ಒಂದು ಎಚ್ಚರ: ಇದು ತಯಾರಿಸುವವರಿಗೆ, ಸೇವೆ ಕೊಡುವವರಿಗೆ. ಬರೀ ಕೊಂಡು ಮಾರುವವರಿಗೆ ಈ ರಕ್ಷಣೆ ಸಿಗುವುದಿಲ್ಲ. ಮಾಲು ಕಳಿಸುವ ಮೊದಲೇ ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು) ಆಗಿರಲಿ, ಬಿಲ್ಲಿನ ಮೇಲೆ ಅದರ ಸಂಖ್ಯೆ ಇರಲಿ.

ಓಣಿಯ ಗಿರಾಕಿಗೆ ಕಾನೂನು ಹೇಳಲು ಆಗುವುದಿಲ್ಲ, ಅಲ್ವಾ? ಅಲ್ಲಿ ನನ್ನ ರೂಢಿ ಬೇರೆ. ಕಬ್ಬಿನ ಬಿಲ್ ಬಂದಾಗ ಕೊಡುತ್ತೇನೆ ಅನ್ನುವ ರೈತರಿಗೆ ಕೊಡುತ್ತೇನೆ. ಅವರು ಹೇಳಿದ ದಿನಕ್ಕೆ ಅಲ್ಲದಿದ್ದರೂ ಬಿಲ್ ಬಂದ ದಿನ ಕೊಡುತ್ತಾರೆ. "ನೋಡೋಣ ಬಿಡ್ರಿ" ಅನ್ನುವವರಿಗೆ ಕೊಡುವುದಿಲ್ಲ. ಹಳೆ ಬಾಕಿ ಚುಕ್ತಾ ಆಗದೆ ಹೊಸ ಮಾಲು ಇಲ್ಲ. ಈ ಮಾತನ್ನು ನಾನು ಹೇಳುವುದಿಲ್ಲ, ಗಲ್ಲಾದ ಮೇಲಿರುವ ಹುಡುಗಿ ಹೇಳುತ್ತಾಳೆ. ನನಗೆ ಮುಲಾಜು ಜಾಸ್ತಿ, ಆಕೆಗೆ ಇಲ್ಲ.

ವ್ಯಾಪಾರ ಚೆನ್ನಾಗಿದೆ, ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಯಾಕೆ?

ಗಲ್ಲಾಕ್ಕೂ ಜೇಬಿಗೂ ನಡುವೆ ಗೋಡೆ ಇಲ್ಲ, ಅದಕ್ಕೆ. ಮಗನ ಫೀಸು ಗಲ್ಲಾದಿಂದ, ಅಳಿಯನ ಬೈಕು ಗಲ್ಲಾದಿಂದ, ಹಾಲಿನವನಿಗೂ ಗಲ್ಲಾದಿಂದಲೇ. ದೀಪಾವಳಿ ಪಾಡ್ಯಕ್ಕೆ ಹೊಸ ವಹಿಗೆ ಪೂಜೆ ಮಾಡುತ್ತೀರಿ, ಮಾರನೇ ದಿನದಿಂದ ಅದರಲ್ಲಿ ಏನೂ ಬರೆಯುವುದಿಲ್ಲ.

ನಿಮಗೆ ನೀವೇ ಪಗಾರ ಗೊತ್ತು ಮಾಡಿಕೊಳ್ಳಿ. ಉಳಿದದ್ದು ವ್ಯಾಪಾರದ್ದು. ನಾನು ಹೀಗೆ ಮಾಡಿದ ಮೊದಲ ತಿಂಗಳೇ ಒಂದು ಸಂಗತಿ ಗೊತ್ತಾಯಿತು. ಒಂದು ಕಿಲೋ ಹಿಟ್ಟಿಗೆ 18ರಿಂದ 20 ರೊಟ್ಟಿ ಅಂತ ನನ್ನ ಲೆಕ್ಕ. ಜೋಳ, ಗ್ಯಾಸು, ಕೂಲಿ ಹಿಡಿದಿದ್ದೆ. ಒಡೆದ ರೊಟ್ಟಿ ಹಿಡಿದಿರಲಿಲ್ಲ, ನನ್ನ ಪಗಾರವನ್ನೂ ಹಿಡಿದಿರಲಿಲ್ಲ. ಎರಡನ್ನೂ ಸೇರಿಸಿದರೆ ದೊಡ್ಡ ಆರ್ಡರುಗಳಲ್ಲಿ ನಾನು ಲಾಸಿನಲ್ಲಿದ್ದೆ! ಲಾಭವೆಲ್ಲ ಬಂದಿದ್ದು ನಾನು ಅಷ್ಟಾಗಿ ಗಮನವೇ ಕೊಡದ ಶೇಂಗಾ ಹಿಂಡಿಯಿಂದ.

ಕ್ಯೂಆರ್ ಕೋಡ್ ಯಾರ ಖಾತೆಗೆ ಹೋಗುತ್ತದೆ ಅಂತಲೂ ಒಮ್ಮೆ ನೋಡಿ. ಒಬ್ಬರ ಅಂಗಡಿಯಲ್ಲಿ ಒಂದೂವರೆ ವರ್ಷ ಮಗನ ಖಾತೆಗೆ ಹೋಗುತ್ತಿತ್ತು. ಮಗ ಪುಣೆಯಲ್ಲಿ ಓದುತ್ತಿದ್ದ. ಚೆನ್ನಾಗಿಯೇ ಓದುತ್ತಿದ್ದ ಅನ್ನಿ.

ಸಾಲ ತೆಗೆದು ಬೆಳೆಯಬೇಕೇ?

ಯಾತಕ್ಕೆ ಅನ್ನುವುದರ ಮೇಲೆ ಇದೆ. ಹಿಂಗಾರಿ ಜೋಳದ ರಾಶಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಆಗುತ್ತದೆ. ಆಗ ಕೊಂಡಿಡಲು ಸಾಲ ತೆಗೆಯುವುದು ನನಗೆ ಸರಿ ಅನಿಸುತ್ತದೆ, ಕಾಳು ಕಣ್ಣೆದುರು ಇರುತ್ತದೆ. ಅಂಗಡಿಯ ಮುಂಭಾಗಕ್ಕೆ ಗಾಜು ಹಾಕಿಸಲು ಸಾಲ ತೆಗೆದವರಿಗೆ ಏನು ಹೇಳಲಿ.

ಕೇಂದ್ರ ಸರ್ಕಾರದ ಮುದ್ರಾ ಸಾಲ ಯೋಜನೆಯಲ್ಲಿ ಅಡವಿಲ್ಲದೆ ಸಿಗುತ್ತದೆ: ಶಿಶು 50,000 ರೂಪಾಯಿ ತನಕ, ಕಿಶೋರ್ 5 ಲಕ್ಷ, ತರುಣ್ 10 ಲಕ್ಷ. ತರುಣ್ ಸರಿಯಾಗಿ ತೀರಿಸಿದವರಿಗೆ ತರುಣ್ ಪ್ಲಸ್‌ನಲ್ಲಿ 20 ಲಕ್ಷ ತನಕ. ಹೊಸ ಘಟಕ ಹಾಕುವವರಿಗೆ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆ) ಇದೆ. ತಯಾರಿಕೆಗೆ 50 ಲಕ್ಷದ ಯೋಜನೆ ತನಕ, ಸೇವೆಗೆ 20 ಲಕ್ಷ. ಊರು, ವರ್ಗ ನೋಡಿ ಶೇ. 15ರಿಂದ 35 ಸಬ್ಸಿಡಿ. ಆ ಹಣ ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. ಮೂರು ವರ್ಷ ಬ್ಯಾಂಕಿನಲ್ಲೇ ಇದ್ದು, ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮಾ ಆಗುತ್ತದೆ. ಸಬ್ಸಿಡಿ ಸಿಗುತ್ತದೆ ಅಂತಲೇ ವ್ಯಾಪಾರ ಶುರು ಮಾಡಿದವರು ಮೂರನೇ ವರ್ಷದ ತನಕ ಉಳಿದಿದ್ದನ್ನು ನಾನು ಕಡಿಮೆ ನೋಡಿದ್ದೇನೆ.

ಉದ್ಯಮ್ ನೋಂದಣಿಗೆ ಎಷ್ಟು ಖರ್ಚಾಗುತ್ತದೆ?

ಒಂದು ಪೈಸೆಯೂ ಇಲ್ಲ. 2020ರ ಜುಲೈ 1ರಿಂದ ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಉಚಿತ. ಎರಡು ಸಾವಿರ ಕೇಳುವ ಏಜೆಂಟ್ ಬಂದರೆ ಚಹಾ ಕುಡಿಸಿ ಕಳಿಸಿ.

ಜಿಎಸ್‌ಟಿ ಮಿತಿ ದಾಟಬಾರದು ಅಂತ ವ್ಯಾಪಾರ ಕಡಿಮೆ ತೋರಿಸುತ್ತಿದ್ದೇನೆ. ಸರಿಯೇ?

ತಪ್ಪು. ಬೆಳೆಯಲಿಕ್ಕೂ ಅದೇ ಅಡ್ಡಿ, ಬ್ಯಾಂಕು ನೋಡುವುದು ನೀವು ತೋರಿಸಿದ ಲೆಕ್ಕವನ್ನೇ. ನಮ್ಮ ರಾಜ್ಯದಲ್ಲಿ ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ಮಿತಿ. ದಾಟಿದ ಮೇಲೂ ತಯಾರಕರು, ವ್ಯಾಪಾರಿಗಳಿಗೆ ಒಂದೂವರೆ ಕೋಟಿ ತನಕ ಕಾಂಪೋಸಿಷನ್ ದಾರಿ (ವ್ಯಾಪಾರದ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಸರಳ ಪದ್ಧತಿ) ಇದೆ. ಉಳಿದದ್ದು ನಿಮ್ಮ ಅಕೌಂಟೆಂಟ್ ಹತ್ತಿರ ಕೇಳಿ.

ಎರಡನೇ ಅಂಗಡಿ ಯಾವಾಗ ತೆಗೆಯಬೇಕು?

ಮೊದಲನೆಯದರಲ್ಲಿ ನಿಮಗೆ ಕೆಲಸ ಇಲ್ಲ ಅನಿಸಿದಾಗ. ಮೊದಲನೆಯದು ಬೋರ್ ಆದಾಗ ಅಲ್ಲ. ನಾನು ಎರಡನೇ ಕಾರಣಕ್ಕೆ ಬೆಳಗಾವಿಯಲ್ಲಿ ತೆಗೆದೆ. ಅದೂ ಜೂನ್ ತಿಂಗಳಲ್ಲಿ.

ವಿಜಯಪುರದ ಒಣಹವೆಯಲ್ಲಿ ಖಡಕ್ ರೊಟ್ಟಿ ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿದರೆ ಸಾಕು, ವಾರಗಟ್ಟಲೆ ಖಡಕ್ ಇರುತ್ತದೆ. ಬೆಳಗಾವಿಗೆ ನಮ್ಮಲ್ಲಿಯ ಎರಡರಷ್ಟಾದರೂ ಮಳೆ. ಜುಲೈ ಮೊದಲ ವಾರ ಬೆಳಿಗ್ಗೆ ಶಟರ್ ಎತ್ತಿ ಒಂದು ರೊಟ್ಟಿ ಮುರಿಯಲು ನೋಡಿದೆ. ಮುರಿಯಲಿಲ್ಲ. ಹಪ್ಪಳ ನೆನೆದಂತೆ ಬಾಗಿತು. ಇನ್ನೂರು ರೊಟ್ಟಿ, ಎಲ್ಲವೂ ಹಾಗೇ. ಪ್ಲಾಸ್ಟಿಕ್‌ನಲ್ಲಿ ಸೀಲ್ ಮಾಡುವಷ್ಟರಲ್ಲಿ "ಅವರದು ಮೆತ್ತನೆ ರೊಟ್ಟಿ" ಅಂತ ಹೆಸರಾಗಿತ್ತು. ಮೇಲಾಗಿ ಅಲ್ಲಿ ಬಿಸಿ ಭಾಕರಿ ಕೇಳುವವರು ಜಾಸ್ತಿ, ನಮ್ಮ ಹಿಂಡಿ ಖಾರ ಅನ್ನುವವರೂ ಜಾಸ್ತಿ. ಹನ್ನೊಂದು ತಿಂಗಳಿಗೆ ಮುಚ್ಚಿದೆ. ಇತ್ತ ವಿಜಯಪುರದಲ್ಲೂ ಮೂರು ಹಳೆ ಗಿರಾಕಿ ಕೈಬಿಟ್ಟಿದ್ದರು, ಯಾಕೆಂದರೆ ನಾನು ವಾರಕ್ಕೆ ನಾಲ್ಕು ದಿನ ಬಸ್ಸಿನಲ್ಲೇ ಇದ್ದೆ.

ಈಗ ಬೆಳಗಾವಿಗೆ ಸೀಲ್ ಪ್ಯಾಕೆಟ್ ಹೋಗುತ್ತದೆ, ಅಲ್ಲಿಯ ಅಂಗಡಿಯವರೇ ಮಾರುತ್ತಾರೆ. ಬಾಡಿಗೆ ಇಲ್ಲ, ಬಸ್ಸೂ ಇಲ್ಲ.

ಹೊಸ ಮಾಲು ತಂದರೆ ಗಿರಾಕಿ ಮುಟ್ಟುವುದೇ ಇಲ್ಲ. ಎಷ್ಟು ದಿನ ಕಾಯಬೇಕು?

ನಮ್ಮ ಕಡೆಯವರೇ ಆದ ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಎರಡು ವರ್ಷ ಕಾದರು. ಅವರು ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸಣ್ಣ ಸೈಕಲ್ ಅಂಗಡಿಯಿಂದ ಅವರ ವ್ಯಾಪಾರ ಶುರುವಾಯಿತು. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಅಂತ ರೈತರು ಹತ್ತಿರ ಬರಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಮುಂದೆ ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಅರಸರು ಕೊಟ್ಟ ಬರಡು ನೆಲಕ್ಕೆ ಹೋದರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಬೆಳಗಾವಿಯಲ್ಲಿ ಉಳಿದದ್ದು ಕಿರ್ಲೋಸ್ಕರ್ ರಸ್ತೆ.

ಎಲ್ಲರೂ ಆ ನೇಗಿಲಿನ ಮಾತೇ ಆಡುತ್ತಾರೆ. ನನಗೆ ಇಷ್ಟವಾಗುವುದು ಅವರ ಸೈಕಲ್. ಅವರು ಸೈಕಲ್ ಮಾರಿದ್ದಷ್ಟೇ ಅಲ್ಲ, ಹಣ ತೆಗೆದುಕೊಂಡು ತುಳಿಯುವುದನ್ನೂ ಕಲಿಸುತ್ತಿದ್ದರು. ಹೊಸದನ್ನು ಬಳಸುವುದು ಗೊತ್ತಿಲ್ಲದವನು ಅದನ್ನು ಕೊಳ್ಳುವುದು ಹೇಗೆ? ನಾನು ಗುರೆಳ್ಳು ಹಿಂಡಿ ಪ್ಯಾಕೆಟ್ ಬೆಂಗಳೂರಿಗೆ ಕಳಿಸಿದಾಗ ಯಾರೂ ಎರಡನೇ ಸಲ ಕೇಳಲಿಲ್ಲ. ಮೊಸರು, ಹಸಿ ಎಣ್ಣೆ ಹಾಕಿ ಕಲಸಬೇಕು ಅಂತ ಅವರಿಗೆ ಗೊತ್ತೇ ಇರಲಿಲ್ಲ. ಪ್ಯಾಕೆಟ್ ಮೇಲೆ ಎರಡು ಸಾಲು ಬರೆದೆ, ಆರ್ಡರ್ ಬಂತು.

ಅಪ್ಪ ಬಿಟ್ಟುಕೊಡುವುದಿಲ್ಲ, ಮಗ ಕೇಳುವುದಿಲ್ಲ. ಮನೆ ವ್ಯಾಪಾರ ಹೇಗೆ ದಾಟಿಸುವುದು?

ಇಳಕಲ್ಲಿನ ಒಂದು ಸೀರೆ ಮನೆಯಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಅಪ್ಪನಿಗೆ ಕೈಮಗ್ಗವೇ ಪ್ರಾಣ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಹಾಕಿ ಜೋಡಿಸುವ ತೋಪ್ ತೆನಿ ಇಲ್ಲದಿದ್ದರೆ ಅದು ಇಳಕಲ್ ಸೀರೆಯೇ ಅಲ್ಲ ಅಂತ ವಾದ. ಮಗ ಪವರ್‌ಲೂಮ್ ಸೀರೆಯನ್ನೂ ಇಡೋಣ, ಫೋನಿನಲ್ಲಿ ಮಾರೋಣ ಅನ್ನುತ್ತಿದ್ದ. ಇಬ್ಬರೂ ಒಂದೇ ಗಾದಿಯ ಮೇಲೆ ಕೂತು ಗಿರಾಕಿಯೆದುರು ಜಗಳ. ಗಿರಾಕಿ ಪಕ್ಕದ ಅಂಗಡಿಗೆ.

ಅವರ ಮನೆಯ ಅಜ್ಜಿ ಒಂದು ಮಾತು ಹೇಳಿದರು: "ಅವನಿಗೊಂದು ಕಪಾಟು ಕೊಡು." ಅಷ್ಟೇ. ಒಂದು ಕಪಾಟಿನ ಸೀರೆ, ಅದರ ಖರೀದಿ, ಅದರ ಲಾಭ-ಲುಕ್ಸಾನು ಪೂರಾ ಮಗನದು. ಅಪ್ಪ ಬಾಯಿ ಹಾಕುವಂತಿಲ್ಲ. ಮೊದಲ ವರ್ಷ ಮಗ ಪವರ್‌ಲೂಮ್ ಸೀರೆಯಲ್ಲಿ ಕೈ ಸುಟ್ಟುಕೊಂಡ. ಅದೇ ಫೋನಿನಲ್ಲಿ ಅಪ್ಪನ ಕೈಮಗ್ಗದ ಸೀರೆ ಹಾಕಿ, ಕುಣಿಕೆ ಹಾಕುವ ಬೆರಳುಗಳ ವಿಡಿಯೊ ತೋರಿಸಿದ. ಆ ಸೀರೆ ಮಾರಾಟವಾಗಿ ಹೋಯಿತು. ಯಾರು ಗೆದ್ದರು ಅಂತ ಇಬ್ಬರೂ ಇನ್ನೂ ವಾದಿಸುತ್ತಾರೆ, ಆದರೆ ಊಟದ ಹೊತ್ತಿಗೆ, ಮನೆಯಲ್ಲಿ.

ಇದನ್ನೆಲ್ಲ ಎಲ್ಲಿ ಕಲಿಯಬಹುದು?

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕೈಗಾರಿಕಾ ಕೇಂದ್ರ ಇದೆ, ಯೋಜನೆಗಳನ್ನು ಅಲ್ಲಿ ಕೇಳಿ. ಬ್ಯಾಂಕುಗಳು ನಡೆಸುವ ಆರ್‌ಸೆಟಿಯಲ್ಲಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಊಟ, ವಸತಿ ಸಹಿತ ತರಬೇತಿ ಉಚಿತ. ಧಾರವಾಡದ ಸಿಡಾಕ್ (ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ) ಕೂಡ ತರಬೇತಿ ಕೊಡುತ್ತದೆ. ಐದು ಸಾವಿರ ಫೀಸು ತೆಗೆದುಕೊಂಡು ಹೋಟೆಲಿನಲ್ಲಿ ಚಪ್ಪಾಳೆ ಹೊಡೆಸಿ ಕಳಿಸುವ ಶಿಬಿರಕ್ಕೂ ನಾನು ಹೋಗಿದ್ದೇನೆ. ಊಟ ಚೆನ್ನಾಗಿತ್ತು.

ಹಾಗಾದರೆ ನೀವು ಈಗ ಗಲ್ಲಾದ ಮೇಲೆ ಕೂರುವುದೇ ಇಲ್ಲವೇ?

ಮಂಗಳವಾರ ಮಾತ್ರ, ಹುಡುಗಿಗೆ ರಜೆ. ಹೋದ ಮಂಗಳವಾರ ಹಳೆಯ ಗಿರಾಕಿಯೊಬ್ಬರು ಬಂದು ಐವತ್ತು ರೊಟ್ಟಿ ಉದ್ರಿ ಕೇಳಿದರು. ಹಳೆ ಬಾಕಿ ಇತ್ತು. ಮುಲಾಜಿಗೆ ಬಿದ್ದು ಕಟ್ಟಿಕೊಟ್ಟೆ. ಬುಧವಾರ ಹುಡುಗಿ ವಹಿ ನೋಡಿದಳು, ನನ್ನನ್ನು ಏನೂ ಅನ್ನಲಿಲ್ಲ. ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ "ಅಕ್ಕಾರ ಪಗಾರದಲ್ಲಿ ಕಡಿತ" ಅಂತ ಬರೆದಿಟ್ಟಳು. ಹಿರಿಯಾಕೆ ಒಲೆ ಮುಂದೆ ನಗುತ್ತಿದ್ದಳು. ಶನಿವಾರದ ಬಟವಾಡೆಯಲ್ಲಿ ನಿಜವಾಗಿಯೂ ಕಡಿತವಾಗಿತ್ತು.